ಕೇಳದ ಸಲಹೆ

ಕೇಳದೆಯೇ ಸಲಹೆ ಕೊಡುವವರು ನಮಗೇನೂ ಹೊಸಬರಲ್ಲ. ಸಾರಿಗೆ ಉಪ್ಪು ಹಾಕುವಲ್ಲಿಂದ ಮಗಳಿಗೆ ಗಂಡು ನೋಡುವವರೆಗೆ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಈಗ ಆ ಸಾಲಿಗೆ ಇ-ಮೇಲ್ ಕೂಡ ಸೇರಿದೆ. ಒಂದಕ್ಷರ ಒತ್ತಿದರೆ ಸಾಕು, 'ಇವರಿಗೇ ತಾನೆ?' ಎಂದು ನಾಲ್ಕು ಹೆಸರು ಮುಂದಿಡುತ್ತದೆ.

ಇದನ್ನು ಸೌಕರ್ಯ ಎನ್ನುತ್ತಾರೆ. ಉದ್ದದ ವಿಳಾಸದಲ್ಲಿ ಒಂದು ಚುಕ್ಕೆ ತಪ್ಪದಂತೆ ಕಾಯುವುದೂ ನಿಜ. ಆದರೆ ವಕೀಲರಿಗೆ ಬರೆದ ಪತ್ರ ಭಾವನಿಗೆ ಹೋದರೆ, ಡಾಕ್ಟರಿಗೆ ಕಳಿಸಿದ ರಿಪೋರ್ಟು ಮಗನ ಹೆಡ್‌ಮಾಸ್ತರರಿಗೆ ಹೋದರೆ, 'ನೋಡಿ ಕಳಿಸಬಾರದಿತ್ತೇನಮ್ಮ?' ಎಂದು ಕೇಳುವುದು ನಮ್ಮನ್ನೇ ಹೊರತು ಹೆಸರು ಮುಂದಿಟ್ಟ ಯಂತ್ರವನ್ನಲ್ಲ.

ಹೆಂಗಸರ ಗಡಿಬಿಡಿ ಎಂದು ನಗುವವರು ಇದನ್ನು ಕೇಳಲಿ. 2014ರ ನವೆಂಬರಿನಲ್ಲಿ ಬ್ರಿಸ್ಬೇನಿನ ಜಿ-20 ಸಭೆಗೆ ಮೊದಲು, ಆಸ್ಟ್ರೇಲಿಯಾದ ವಲಸೆ ಇಲಾಖೆಯಿಂದ 31 ನಾಯಕರ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ, ವೀಸಾ ವಿವರ ಏಷ್ಯನ್ ಕಪ್ ಫುಟ್‌ಬಾಲ್ ಸಂಘಟಕರೊಬ್ಬರಿಗೆ ಹೋಯಿತು. ಒಬಾಮಾ, ಪುಟಿನ್, ನಮ್ಮ ಮೋದಿ ಎಲ್ಲರೂ ಅದರಲ್ಲಿದ್ದರು. ಔಟ್‌ಲುಕ್ ತಾನೇ ತುಂಬಿದ ವಿಳಾಸವನ್ನು ಪರಿಶೀಲಿಸದೆ ಕಳಿಸಿದ್ದು ಕಾರಣ. ನಾಯಕರಿಗೆ ತಿಳಿಸುವುದು ಬೇಡವೆಂದಿತು ಇಲಾಖೆ. 2015ರ ಮಾರ್ಚಿನಲ್ಲಿ ಪತ್ರಿಕೆಯಲ್ಲಿ ಬಂದಾಗಲೇ ಲೋಕಕ್ಕೆ ಗೊತ್ತಾದದ್ದು. ಪಳಗಿದ ಕಚೇರಿಯ ಪಾಡೇ ಇದಾದರೆ, ಒಲೆಯ ಮೇಲೆ ಹಾಲಿಟ್ಟು ಪತ್ರ ಬರೆಯುವವಳ ಮೇಲೇಕೆ ಅಷ್ಟು ಸಿಟ್ಟು?

'ಬೇಡವಾದರೆ ತೆಗೆದುಹಾಕಿ' ಎನ್ನುತ್ತಾರೆ. ತೆಗೆಯಬಹುದು. ಔಟ್‌ಲುಕ್‌ನಲ್ಲಿ ಹೆಸರಿನ ಪಕ್ಕದ ಗುಣಾಕಾರ ಚಿಹ್ನೆ ಒತ್ತಿದರೆ ಆ ಹೆಸರು ಹೋಗುತ್ತದೆ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ, ಹೊಸಬರನ್ನು ನಾನೇ ಸೇರಿಸಿಕೊಳ್ಳುತ್ತೇನೆ ಎಂದು ಗುರುತು ಹಾಕಬಹುದು. ಆದರೆ ಹಾಗೆ ಹಾಕಿದರೂ ಮೊದಲೇ ಕೂಡಿಟ್ಟ ಹೆಸರುಗಳು ಹೋಗವು. ಅವನ್ನು ವಿಳಾಸಪಟ್ಟಿಯಲ್ಲಿ ಹುಡುಕಿ ಅಳಿಸಬೇಕು. ಕಳಿಸಿದ್ದನ್ನು ಹಿಂದಕ್ಕೆ ಕರೆಯಲು ಜಿಮೇಲ್ ಕೊಡುವುದು ಹೆಚ್ಚೆಂದರೆ 30 ಸೆಕೆಂಡು. ಅದೂ ನಾವು ಕೇಳಿ ಪಡೆದರೆ, ಇಲ್ಲವಾದರೆ ಐದೇ.

ನನ್ನ ತಕರಾರು ಇಲ್ಲೇ. ಹಿಂದೆ ವಿಳಾಸದ ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದವರು ನಾವು, ಹೊಡೆದುಹಾಕುತ್ತಿದ್ದವರೂ ನಾವು. ಈಗ ಬರೆದುಕೊಳ್ಳುವುದು ಅದು, ಅಳಿಸುವ ಕೆಲಸ ಮಾತ್ರ ನಮ್ಮದು. ಮುರಿದ ಸಂಬಂಧವೂ, ಬಿಟ್ಟ ಕೆಲಸದ ಮೇಲಧಿಕಾರಿಯೂ ಪಟ್ಟಿಯಲ್ಲಿ ಹಾಗೇ ಕೂತಿರುತ್ತಾರೆ. 'ಈ ಹೆಸರನ್ನು ನೆನಪಿಡಲೇ?' ಎಂದು ಮೊದಲು ಕೇಳುವಂತೆ ಅದನ್ನು ಮಾಡಿದವರೇ ತಿದ್ದಬೇಕು. ಅಲ್ಲಿಯವರೆಗೆ, ಅಕ್ಕಿ ಆರಿಸಿದಂತೆ ತಿಂಗಳಿಗೊಮ್ಮೆ ಆ ಪಟ್ಟಿಯನ್ನೂ ಆರಿಸಿರಿ. ಗುಟ್ಟಿನ ಪತ್ರವಾದರೆ ವಿಳಾಸವನ್ನು ಕೊನೆಗೆ ಹಾಕಿರಿ.