‘ತಲಿಗಿ ಹತ್ತಂಗಿಲ್ಲ’ ಅಂತ ಬರೆದವರು ಯಾರು?



ಮೊಬೈಲ್ ತೆಗೆದ್ರ ಸಾಕು, ‘ನನಗೆ ಎಡಿಎಚ್‌ಡಿ ಅದ, ಆಟಿಸಂ ಅದ ಅಂತ ದೊಡ್ಡವನಾದ ಮ್ಯಾಲೆ ಗೊತ್ತಾಯ್ತು’ ಅಂತ ಪಟ್ಟಣದ ಮಂದಿ ಬರೀತಿರ್ತಾರ. ನಮ್ಮವರು ಕೆಲವರು ‘ಹೊಟ್ಟಿ ತುಂಬಿದವರ ಜಡ್ಡು’ ಅಂತ ನಗ್ತಾರ. ನಾನು ನಗಂಗಿಲ್ಲ. ಮಿದುಳು ಜಾತಿ ನೋಡಿ ಬೆಳೆಯಂಗಿಲ್ಲ, ಅದಕ್ಕ ಇಡೋ ಹೆಸರು ಮಾತ್ರ ಜಾತಿ ನೋಡ್ತದ. ಗೌಡರ ಮಗ ಕುಂತಲ್ಲಿ ಕೂಡದಿದ್ರ ‘ಭಾಳ ಚುರುಕ’. ನಮ್ಮ ಕೇರಿ ಹುಡುಗ ಹಂಗ ಮಾಡಿದ್ರ ‘ತಲಿಗಿ ಹತ್ತಂಗಿಲ್ಲ, ದುಡಿಯಾಕ ಕಳಸ್ರಿ’. ಅವನೇ ಮುಂದ ನೌಕರಿ ಹಿಡಿದು ಒಂದು ಫೈಲು ಮರೆತ್ರ ‘ಕೋಟಾದವ’.

ಇದನ್ನ ತಿಳಿಯಾಕ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ತಾಸುಗಟ್ಟಲೆ ಮಾತಾಡಿಸಿ, ಪ್ರಶ್ನಾವಳಿ ತುಂಬಿಸಿ, ಮನೆಯವರನ್ನೂ ಕೇಳಿ ನಿರ್ಧರಿಸ್ತಾರೆ. ಎಡಿಎಚ್‌ಡಿ ಅನ್ನಬೇಕಾದ್ರ ಕೆಲವು ಲಕ್ಷಣ 12 ವರ್ಷದೊಳಗೇ ಕಂಡಿರಬೇಕು. ಅದಕ್ಕ ಶಾಲೆಯ ದಾಖಲೆ, ತಾಯಿ-ತಂದೆಯ ನೆನಪು ಕೇಳ್ತಾರ. ವರ್ಷಾ ವರ್ಷಾ ಗುಳೆ ಹೋದ ಮನ್ಯಾಗ ಯಾವ ಶಾಲೆ, ಯಾವ ದಾಖಲೆ? ಅವ್ವನ ಬಾಯಿಮಾತೇ ನಮ್ಮ ದಾಖಲೆ.

ಇನ್ನೊಂದು ಮಾತು. ಗಮನ ಇಲ್ಲದ್ದೆಲ್ಲಾ ಎಡಿಎಚ್‌ಡಿ ಅಲ್ಲ. ಹಸಿವು, ನಿದ್ದಿಗೇಡು, ಸಾಲ, ದಿನಾ ನುಂಗೋ ಅವಮಾನ, ಇವೂ ಮನಸ್ಸನ್ನ ಚದುರಿಸ್ತಾವ. ಜಾತಿ ಕೊಟ್ಟ ನೋವಿಗೆ ರೋಗದ ಚೀಟಿ ಹಚ್ಚಿದ್ರ ಅದು ಇನ್ನೊಂದು ಅನ್ಯಾಯ. ಎರಡನ್ನೂ ಬೇರೆ ಮಾಡಿ ನೋಡೋಕಾದ್ರೂ ನಮ್ಮ ಬದುಕು ಬಲ್ಲ ತಜ್ಞರು ಬೇಕು.

ಇದು ಆಗದ ಮಾತಲ್ಲ. ಮಾನಸಿಕ ಆರೋಗ್ಯ ಸೇವೆಯನ್ನ ಹಳ್ಳಿಗೆ ಒಯ್ಯಬಹುದು ಅಂತ ನಿಮ್ಹಾನ್ಸ್ 1980ರ ದಶಕದಾಗ ತೋರಿಸಿದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ. ಅದೇ ಮಾದರಿ ಮ್ಯಾಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಜಾತಿಭೇದ ಇಲ್ಲದೆ ಸರ್ಕಾರಿ ಚಿಕಿತ್ಸೆ ಸಿಗಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳ್ತದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಆಟಿಸಂ ಅದ, ಎಡಿಎಚ್‌ಡಿ ಇಲ್ಲ.

ಹಂಗಾಗಿ ನಮ್ಮ ಬೇಡಿಕೆ:

1. ಯಾದಗಿರಿಯಲ್ಲಿ ವಾರಕ್ಕೊಂದು ದಿನ ವಯಸ್ಕರ ತಪಾಸಣೆಗೇ ಮೀಸಲಿಡಬೇಕು, ಅದನ್ನ ಡಂಗುರ ಸಾರಿ ತಿಳಿಸಬೇಕು.
2. ಪ್ರಶ್ನೆ ನಮ್ಮ ಆಡುಮಾತಿನಲ್ಲಿ ಇರಬೇಕು. ಕಾಗದ ಇಲ್ಲದವರ ಬಾಯಿಮಾತನ್ನೂ ಒಪ್ಪಬೇಕು.
3. ಎಡಿಎಚ್‌ಡಿ ಕಾಯ್ದೆಯ ಪಟ್ಟಿಗೆ ಸೇರಬೇಕು.

ಅಲ್ಲೀತನಕ ಮನಸ್ಸಿನ ಕಷ್ಟ ಇದ್ದವರು 14416ಕ್ಕೆ, ಟೆಲಿ ಮಾನಸ್‌ಗೆ, ಫೋನ್ ಹಚ್ಚ್ರಿ. ದುಡ್ಡಿಲ್ಲ, ಕನ್ನಡದಾಗೂ ಮಾತಾಡ್ತಾರ. ಫೋನಿನ ಮ್ಯಾಲೆ ಇಂಥ ಪೂರ್ತಿ ತಪಾಸಣೆ ಆಗಂಗಿಲ್ಲ, ದಾರಿ ತೋರಸ್ತಾರ.

ಬಾಬಾಸಾಹೇಬರು ಶಿಕ್ಷಣ ಅಂದ್ರು. ಕಲಿಯಾಕ ಆಗದೇ ಹೊರಗ ಉಳಿದವನನ್ನ ‘ದಡ್ಡ’ ಅಂತ ಬಿಟ್ಟು ಮುಂದ ಹೋದ್ರ ಅದು ಯಾವ ಚಳವಳಿ?

ಜೈ ಭೀಮ್.