ಗೋಷ್ಠಿ ಹುಟ್ಟಿದ್ದು ಕೊಟ್ಟಿಗೆಯಲ್ಲಿ



ದನ ಮನೆಗೆ ಬರುವ ಸಂಜೆ ಹೊತ್ತಿಗೆ ನಮ್ಮಲ್ಲಿ ಒಂದು ಚೆಂದದ ಹೆಸರಿದೆ: ಗೋಧೂಳಿ. ಗೋವು ಎಂದರೆ ಹಸು, ಧೂಳಿ ಎಂದರೆ ಧೂಳು. ಮೇದು ಬರುವ ಹಸುಗಳ ಗೊರಸಿನಿಂದ ಧೂಳೆದ್ದು, ಇಳಿಬಿಸಿಲಿನಲ್ಲಿ ಹೊಳೆಯುವ ಸಮಯ. ಮದುವೆಗೂ ಗೋಧೂಳಿ ಲಗ್ನ ಒಳ್ಳೆಯದು ಎನ್ನುತ್ತಾರೆ. ಹಳ್ಳಿಯ ಸೊಬಗನ್ನು ವರ್ಣಿಸುವವರಿಗೆ ಬಹಳ ಇಷ್ಟವಾದ ಪದ ಇದು.

ಇಂಗ್ಲಿಷಿನಲ್ಲೂ ಇಂಥದ್ದೊಂದು ಪದವಿದೆ, ‘ಬ್ಯುಕಾಲಿಕ್’. ಹಸಿರು, ಹಸು, ನೆಮ್ಮದಿ ತುಂಬಿದ ಹಳ್ಳಿಯ ನೋಟಕ್ಕೆ ಹಾಗೆನ್ನುತ್ತಾರೆ. ಅದರ ಮೂಲ ಗ್ರೀಕ್ ಭಾಷೆಯ ‘ಬೂಕೊಲೊಸ್’, ಅಂದರೆ ದನ ಕಾಯುವವನು. ‘ಬೂಸ್’ ಎಂದರೆ ಹಸು ಅಥವಾ ಎತ್ತು. ಗ್ರೀಕರ ಬೂಸ್, ಸಂಸ್ಕೃತದ ಗೋ, ಇಂಗ್ಲಿಷಿನ ಕೌ ಮೂರೂ ಒಂದೇ ಬೇರಿನಿಂದ ಬಂದವು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. 2,200 ವರ್ಷಗಳಿಗೂ ಹಿಂದೆ ಗ್ರೀಕ್ ಕವಿ ಥಿಯೋಕ್ರಿಟಸ್, ಆಮೇಲೆ ರೋಮಿನ ಕವಿ ವರ್ಜಿಲ್ ದನಗಾಹಿಗಳ ಬಗ್ಗೆ ಪದ್ಯ ಬರೆದರು. ಕಾಲ ಕಳೆದಂತೆ, ದನ ಕಾಯುವವನ ಹೆಸರೇ ನೋಡುವವರ ಸಂತೋಷದ ಹೆಸರಾಗಿ ಹೋಯಿತು.

ನನ್ನ ತಕರಾರು ಇಲ್ಲೇ ಇದೆ. ಪದ ಉಳಿಯಿತು, ಕೆಲಸ ಮಾಡುವವರು ಮರೆಯಾದರು. ಜಗಲಿಯಲ್ಲಿ ಕೂತವರಿಗೆ ಧೂಳು ಚೆಂದ. ದನದ ಹಿಂದೆ ನಡೆಯುವವರಿಗೆ ಅದು ಕಣ್ಣಿಗೆ ಬೀಳುತ್ತದೆ. ಇವತ್ತು ಗೋಧೂಳಿ ಹೊತ್ತಿನಲ್ಲಿ ನೀವು ಕೆಚ್ಚಲು ತೊಳೆದು, ಹಾಲು ಕರೆದು, ಡೈರಿಯ ಗಂಟೆಗೆ ಕ್ಯಾನ್ ಹಿಡಿದು ಓಡುತ್ತಿರುತ್ತೀರಿ. ಸೂರ್ಯಾಸ್ತ ನೋಡಲು ಪುರುಸೊತ್ತು ಎಲ್ಲಿ?

ಚಿಕಿತ್ಸೆಗೆ ಹೋದಾಗ ನಾನು ದಿನವೂ ನೋಡುವುದೂ ಇದನ್ನೇ. ಪಾಸ್‌ಬುಕ್ಕಿನಲ್ಲಿ ಹೆಸರಿರುವ ಯಜಮಾನರನ್ನು “ಹಸು ಯಾವಾಗ ಬೆದೆಗೆ ಬಂತು?” ಎಂದು ಕೇಳುತ್ತೇನೆ. ಅವರು ಒಳಗೆ ತಿರುಗಿ, “ಏ, ಯಾವಾಗ ಬಂತಂತೆ?” ಎಂದು ಕೂಗುತ್ತಾರೆ. ಒಳಗಿನಿಂದ ಉತ್ತರ ಬರುತ್ತದೆ: “ನಿನ್ನೆ ಸಂಜೆಯಿಂದ ಕೂಗ್ತಾ ಇದೆ ಡಾಕ್ಟ್ರೇ, ಬೆಳಿಗ್ಗೆ ಲೋಳೆ ಹಾಕ್ತು.” ನನಗೆ ಬೇಕಾದದ್ದು ಆ ಉತ್ತರ. ಬೆದೆ ಕಂಡ ಸುಮಾರು 12 ಗಂಟೆಗೆ ಗರ್ಭಧಾರಣೆ ಮಾಡಿಸಬೇಕು. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು, ಅಷ್ಟು ದಿನದ ಮೇವು ದಂಡ. ಆ ನಷ್ಟ ತಪ್ಪಿಸಿದವಳ ಹೆಸರು ಎಷ್ಟೋ ಮನೆಗಳಲ್ಲಿ ಸಂಘದ ಪುಸ್ತಕದಲ್ಲಿಯೇ ಇಲ್ಲ.

ಇನ್ನೊಂದು ಪದ ಹೇಳುತ್ತೇನೆ: ಗೋಷ್ಠಿ. ವಿಚಾರಗೋಷ್ಠಿ, ಕವಿಗೋಷ್ಠಿ ಎನ್ನುತ್ತೇವಲ್ಲ, ಅದೇ. ಅದು ಬಂದದ್ದು ‘ಗೋಷ್ಠ’ದಿಂದ, ಗೋಷ್ಠ ಎಂದರೆ ಹಸುಗಳು ನಿಲ್ಲುವ ಜಾಗ, ನಮ್ಮ ಕೊಟ್ಟಿಗೆ. ದನ ಸೇರುವ ಜಾಗದ ಹೆಸರೇ ಜನ ಕೂಡಿ ಮಾತಾಡುವ ಸಭೆಗೂ ಬಂತು. ಹಾಗಿದ್ದ ಮೇಲೆ, ಕೊಟ್ಟಿಗೆಯಲ್ಲಿ ದುಡಿಯುವವರೇ ಸಂಘದ ಸಭೆಯಲ್ಲಿ ಇಲ್ಲದಿರುವುದು ಯಾವ ನ್ಯಾಯ?

ಮಹಿಳಾ ಸಂಘಗಳಲ್ಲಿರುವವರು ಈಗಾಗಲೇ ಆ ದಾರಿಯಲ್ಲಿದ್ದೀರಿ. ಉಳಿದವರು ಈ ವಾರ ಡೈರಿಗೆ ಹೋದಾಗ ಕಾರ್ಯದರ್ಶಿಯವರನ್ನು ಮೂರು ಮಾತು ಕೇಳಿ. ಹಾಲು ಯಾರ ಹೆಸರಿನಲ್ಲಿ ಬರೆಯುತ್ತಾರೆ? ಬಟವಾಡೆಯೂ ಸರ್ಕಾರದ ಪ್ರೋತ್ಸಾಹಧನವೂ ಯಾರ ಖಾತೆಗೆ ಹೋಗುತ್ತವೆ? ನಾನು ಸದಸ್ಯೆಯಾಗಲು ಏನು ಮಾಡಬೇಕು? ಮನೆಯಲ್ಲಿ ಜಗಳ ಬೇಡ, ಕೂತು ಮಾತಾಡಿ. ಸದಸ್ಯೆಯಾದ ಮೇಲೆ ವಾರ್ಷಿಕ ಸಭೆಗೆ ತಪ್ಪದೆ ಹೋಗಿ. ಪಶು ಆಹಾರದ ಗುಣಮಟ್ಟ, ಫ್ಯಾಟ್ ಪರೀಕ್ಷೆ, ನಾವು ವೈದ್ಯರು ತಡವಾಗಿ ಬರುವುದು, ಏನಿದ್ದರೂ ಎದ್ದು ನಿಂತು ಕೇಳಿ.

ಗೋಧೂಳಿ ಚೆಂದವೇ, ಇಲ್ಲ ಎನ್ನುವುದಿಲ್ಲ. ಆದರೆ ಮುಂದಿನ ಸಭೆಯಲ್ಲಿ ನಿಮ್ಮನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ನೋಡಿದರೆ ನನಗೆ ಅದಕ್ಕಿಂತ ಹೆಚ್ಚು ಖುಷಿಯಾಗುತ್ತದೆ.