ಮನೆಯ ಬೀಗದಕೈ ಕೊಟ್ಟರೆ ಊರು ಕೊಟ್ಟಂತಾಯಿತೇ?



2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಪುಂಜಿರಿಮಟ್ಟಂ, ಮುಂಡಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ಬಂತು. ಕಾಣೆಯಾದವರನ್ನೂ ಸೇರಿಸಿ 298 ಜನ ಸತ್ತರು. ನಮ್ಮ ಚಾಮರಾಜನಗರದ ಕಡೆಯಿಂದ ಹೋಗಿ ಅಲ್ಲೇ ನೆಲೆಸಿದ್ದವರೂ ಅವರಲ್ಲಿ ಇದ್ದರು. ಮುಂದಿನ ಭಾನುವಾರ ಬಲಿಪೂಜೆಯ ನಂತರ ನಾವು ಚರ್ಚಿನ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತೆವು. ಬಟ್ಟೆಯನ್ನೂ ಸಂಗ್ರಹಿಸಿದೆವು. ಮೂಟೆ ಬಿಚ್ಚಿದಾಗ ಅರ್ಧಕ್ಕರ್ಧ ಹರಿದ ಬಟ್ಟೆ. ನಮಗೆ ಬೇಡವಾದದ್ದನ್ನು ಕೊಟ್ಟು ದಾನ ಎಂದು ಕರೆದಿದ್ದೆವು. ಆ ನಾಚಿಕೆ ಇನ್ನೂ ಇದೆ. ಈ ಬರಹಕ್ಕೆ ಅದೇ ಕಾರಣ.

2025ರ ಮಾರ್ಚ್ 27ರಂದು ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಅಂದಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೊಸ ಟೌನ್‌ಶಿಪ್‌ಗೆ ಶಂಕುಸ್ಥಾಪನೆ ಮಾಡಿದರು. ಸುಮಾರು 64 ಹೆಕ್ಟೇರ್ ಜಾಗ. ಪ್ರತಿ ಕುಟುಂಬಕ್ಕೆ 7 ಸೆಂಟ್ಸ್, ಅದರಲ್ಲಿ 1,000 ಚದರ ಅಡಿಯ ಮನೆ. ಜೊತೆಗೆ ಆರೋಗ್ಯ ಕೇಂದ್ರ, ಅಂಗನವಾಡಿ, ಮಾರುಕಟ್ಟೆ, ಸಮುದಾಯ ಭವನ, ಆಟದ ಮೈದಾನ. ಸುದ್ದಿ ನಮ್ಮ ಯುವಜನರ ವಾಟ್ಸಾಪ್ ಗುಂಪಿಗೆ ಬಂತು. ಅದರ ಕೆಳಗೇ ಒಂದು ಮಾತೂ ಬಂತು: "ಫ್ರೀಯಾಗಿ ಮನೆ ಸಿಕ್ಕಿತಲ್ಲ, ಇನ್ನೇನು ಬೇಕಂತೆ ಅವರಿಗೆ?" ಆ ಮಾತಿಗೆ ಏಳು ಜನ ಹೆಬ್ಬೆರಳು ಎತ್ತಿದ್ದರು.

ಆ ಏಳು ಜನರೊಡನೆ ನಮ್ಮ ಜಗಳ.

ಮೊದಲನೆಯದಾಗಿ, ಇದು ಫ್ರೀ ಅಲ್ಲ. 7 ಸೆಂಟ್ಸ್ ಎಂದರೆ ನಮ್ಮ ಲೆಕ್ಕದಲ್ಲಿ 50-60ರ ಒಂದು ಸೈಟು. ಮೊದಲು ಎಲ್‌ಸ್ಟನ್‌ನಲ್ಲಿ ಐದೇ ಸೆಂಟ್ಸ್ ಎಂದಿದ್ದರು. ಜನ ಗಟ್ಟಿಯಾಗಿ ಕೇಳಿದ ಮೇಲೆ ಏಳಾಯಿತು. ಆ ಬೆಟ್ಟದ ಬುಡದಲ್ಲಿ ಹಲವರಿಗೆ ಮನೆಯ ಹಿಂದೆ ಏಲಕ್ಕಿ, ಕಾಫಿ, ಮೆಣಸಿನ ಬಳ್ಳಿ, ಒಂದು ಹಸು ಇತ್ತು. ಕೆಲವರಿಗೆ ಪೇಟೆಯಲ್ಲಿ ಅಂಗಡಿ ಇತ್ತು. ಇಷ್ಟೆಲ್ಲ ಕಳೆದುಕೊಂಡವನ ಕೈಗೆ ಒಂದು ಸೈಟಿಟ್ಟು ಫ್ರೀ ಎನ್ನುವುದು, ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದ ದಾರಿಹೋಕನಿಗೆ "ಛತ್ರದ ಬಾಡಿಗೆ ಯಾರೋ ಕಟ್ಟಿದ್ದಾರೆ, ಅದೃಷ್ಟವಂತ ನೀನು" ಎಂದಂತೆ. ಸಮಾರ್ಯದವನು ಹಾಗೆ ಹೇಳಲಿಲ್ಲ. ಇನ್ನೂ ಖರ್ಚಾದರೆ ಮರಳಿ ಬಂದು ಕೊಡುತ್ತೇನೆ ಎಂದ. ಮರಳಿ ಬರುವುದೂ ಸಹಾಯದ ಭಾಗ.

ಎರಡನೆಯದು, "ಅಂಥ ಜಾಗದಲ್ಲಿ ಯಾಕೆ ಇದ್ದರು?" ಎಂಬ ಪ್ರಶ್ನೆ. ಮರಳಿನ ಮೇಲೆ ಮನೆ ಕಟ್ಟಿದ ಮೂಢನ ಸಾಮತಿಯನ್ನೂ ಒಬ್ಬರು ಎಳೆದು ತಂದರು. ಪ್ರಭು ಹೇಳಿದ ಸಾಮತಿಯನ್ನು ಬಡವರ ತಲೆಗೆ ಕಲ್ಲಿನಂತೆ ಎಸೆಯಬೇಡಿ. ಸತ್ತವರಲ್ಲಿ ಅನೇಕರು ಟೀ ತೋಟದ ಪಾಡಿಗಳಲ್ಲಿ ಇದ್ದವರು. ಪಾಡಿ ಎಂದರೆ ನಮ್ಮ ಕೊಡಗು, ಚಿಕ್ಕಮಗಳೂರಿನ ಲೈನ್ ಮನೆಗಳಂಥದ್ದು. ಅದನ್ನು ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸಿದ್ದು ತೋಟ. ಕೂಲಿಯವನನ್ನು ಯಾರೂ ಕೇಳಲಿಲ್ಲ. ಅಲ್ಲೇ ಪಕ್ಕದ ಪುತ್ತುಮಲದಲ್ಲಿ 2019ರ ಆಗಸ್ಟ್ 8ರಂದು ಗುಡ್ಡ ಕುಸಿದು 17 ಜನ ಸತ್ತಿದ್ದರು. ಆಗ ಎಚ್ಚರವಾಗಬೇಕಾದವರು ಪಾಡಿಯಲ್ಲಿ ಇರಲಿಲ್ಲ, ಕಚೇರಿಗಳಲ್ಲಿ ಇದ್ದರು. ಐದು ವರ್ಷದ ಮೇಲೆ ಗುರುತು ಸಿಗದ ದೇಹಗಳನ್ನು ಅದೇ ಪುತ್ತುಮಲದಲ್ಲಿ ಎಲ್ಲ ಧರ್ಮಗಳ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದರು. ಸಮಾಧಿಗಳ ಮೇಲೆ ಹೆಸರಿರಲಿಲ್ಲ, ನಂಬರ್ ಇತ್ತು.

ಮೂರನೆಯದು, ಪಟ್ಟಿ. 2024ರ ಡಿಸೆಂಬರ್‌ನಲ್ಲಿ ಬಂದ ಕರಡು ಪಟ್ಟಿಯಲ್ಲಿ ಕೆಲವರ ಹೆಸರು ಎರಡು ಸಲ ಇತ್ತು, ಕೆಲವರದ್ದು ಇರಲೇ ಇಲ್ಲ. ಜನ ಬೀದಿಗಿಳಿದರು. ಮನೆ ನಿಂತಿದೆ, ಆದರೆ ದಾರಿ ಕೊಚ್ಚಿಹೋಗಿದೆ, ಸುತ್ತಲಿನ ಜನರೇ ಇಲ್ಲ. ಅಂಥವರು ಸಂತ್ರಸ್ತರೋ ಅಲ್ಲವೋ? ಪಡವೆಟ್ಟಿಕುನ್ನಿನವರು ಕೇಳಿದ್ದು ಇದನ್ನೇ. ತೊಂಬತ್ತೊಂಬತ್ತು ಕುರಿಗಳ ಲೆಕ್ಕ ಸರಿಯಾಯಿತು ಎಂದು ಫೈಲು ಮುಚ್ಚುವುದು ಸರ್ಕಾರಕ್ಕೆ ಸುಲಭ. ನಾವು ಹಾಗೆ ಲೆಕ್ಕ ಹಾಕುವ ಜನವಲ್ಲ, ಆಗಲೂ ಬಾರದು.

ಟೌನ್‌ಶಿಪ್ ಬೇಡ ಎಂದು ನಾವು ಹೇಳುತ್ತಿಲ್ಲ. ಚದುರಿಹೋದವರನ್ನು ಒಂದೇ ಕಡೆ ಸೇರಿಸುವ ತೀರ್ಮಾನ ಒಳ್ಳೆಯದೇ. ಕಟ್ಟುವ ಕೆಲಸ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘದ್ದು. ಕೂಲಿಕಾರರೇ ಸೇರಿ ನೂರು ವರ್ಷದಿಂದ ನಡೆಸಿಕೊಂಡು ಬಂದ ಸಂಸ್ಥೆ ಅದು. ಆದರೆ ಅವರು ಪಾಯ ತೋಡುವ ಎಲ್‌ಸ್ಟನ್ ಎಸ್ಟೇಟಿನ ಟೀ ಕಾರ್ಮಿಕರೇ ಬಾಕಿ ಕೂಲಿ, ಪಿಎಫ್, ಗ್ರಾಚ್ಯುಯಿಟಿಗಾಗಿ 2025ರಲ್ಲಿ ಗೇಟಿನಲ್ಲಿ ನಿಂತಿದ್ದರು. ಜಾಗದ ಬೆಲೆಯ ವ್ಯಾಜ್ಯ ಹೈಕೋರ್ಟಿನಲ್ಲಿತ್ತು, ಆಗ 26 ಕೋಟಿ ರೂಪಾಯಿ ಠೇವಣಿಯಾಗಿತ್ತು. ಆ ಹಣದಲ್ಲಿ ಮೊದಲ ಹಕ್ಕು ಯಾರದು? ಕೊಡದೆ ಉಳಿಸಿಕೊಂಡ ಕೂಲಿ ದೇವರ ಕಿವಿಗೆ ಕೂಗುತ್ತದೆ ಎಂದು ಸಂತ ಯಕೋಬರು ಬರೆದದ್ದನ್ನು ಚರ್ಚಿನಲ್ಲಿ ಓದುತ್ತೇವೆ. ಒಬ್ಬ ಬಡವನ ಮನೆ ಇನ್ನೊಬ್ಬ ಬಡವನ ಬಾಕಿಯ ಮೇಲೆ ಏಳಬಾರದು.

ಇನ್ನು ಕೆಲಸ. ಕಲ್ಪೆಟ್ಟದಿಂದ ಚೂರಲ್‌ಮಲಕ್ಕೆ 20 ಕಿಲೋಮೀಟರಿಗೂ ಹೆಚ್ಚು. ಬೆಳಿಗ್ಗೆ ಬಸ್ ಎಷ್ಟು ಗಂಟೆಗೆ? ಟೀ ಎಲೆ ಕೀಳುತ್ತಿದ್ದ ಹೆಂಗಸಿಗೆ ಹೊಸ ಜಾಗದಲ್ಲಿ ಏನು ಕೆಲಸ? ಕೊಚ್ಚಿಹೋದ ಅಂಗಡಿಯ ಸಾಲದ ಗತಿಯೇನು? ಕೇರಳ ಬ್ಯಾಂಕ್ ತನ್ನ ಚೂರಲ್‌ಮಲ ಶಾಖೆಯ ಸಂತ್ರಸ್ತರ ಸಾಲ ಮನ್ನಾ ಮಾಡಿತು. ಉಳಿದ ಬ್ಯಾಂಕುಗಳ ಸಾಲವನ್ನು ಮನ್ನಾ ಮಾಡಲಾಗದು, ಮುಂದೂಡಬಹುದು ಎಂದಿತ್ತು ಕೇಂದ್ರ. ಕೇಂದ್ರವು ರಾಜ್ಯಕ್ಕೆ 2025ರ ಫೆಬ್ರವರಿಯಲ್ಲಿ ಕೊಟ್ಟದ್ದೂ ಸಾಲವೇ: 529.50 ಕೋಟಿ, ಬಡ್ಡಿಯಿಲ್ಲ ನಿಜ, ಆದರೆ ಮಾರ್ಚ್ 31ರೊಳಗೆ ಖರ್ಚು ಮಾಡಬೇಕೆಂಬ ಷರತ್ತು.

ಸಮುದಾಯ ಭವನ, ಮೈದಾನ ಎಲ್ಲ ಆಮೇಲೆ ನೋಡೋಣ, ಮೊದಲು ಮನೆ ಎನ್ನುವವರೂ ಇದ್ದಾರೆ. ನಮ್ಮ ಬಡಾವಣೆಗಳ ಸಿ.ಎ. ಸೈಟುಗಳನ್ನು ನೋಡಿದವರು ಹಾಗೆ ಹೇಳಲಾರರು. ಆಮೇಲೆ ಎಂದದ್ದು ಮುಳ್ಳುಗಿಡ ಬೆಳೆದು ನಿಂತಿರುತ್ತದೆ. ವೆಳ್ಳಾರ್‌ಮಲ ಶಾಲೆ ಹಾಳಾದ ಮೇಲೆ ಅದರ ಮಕ್ಕಳು 2024ರ ಸೆಪ್ಟೆಂಬರ್‌ನಿಂದ ಮೇಪ್ಪಾಡಿಯಲ್ಲಿ ಕಲಿಯುತ್ತಿದ್ದರು. ಗೆಳೆಯರನ್ನು ಕಳೆದುಕೊಂಡ ಆ ಮಕ್ಕಳಿಗೆ ಸಂಜೆ ಸೇರಿ ಆಡಲು ಒಂದು ಮೈದಾನ ಬೇಕಾಗಿರುವುದು ಈಗಲೇ. ಹಳೆಯ ನೆರೆಯವರಿಗೆ ಅಕ್ಕಪಕ್ಕದ ಮನೆಯೇ ಸಿಗಬೇಕು. ಟೌನ್‌ಶಿಪ್ ಬೇಡವೆಂದರೆ 15 ಲಕ್ಷ ರೂಪಾಯಿ ಪಡೆದು ಹೊರಗೆ ಹೋಗಬಹುದು ಎಂದಿದ್ದರು. ಒಳಗೆ ಊರಿನ ಲಕ್ಷಣ ಕಾಣದಿದ್ದರೆ ಜನ ಹಣ ಹಿಡಿದು ಹೋಗುತ್ತಾರೆ. ಗುಡ್ಡ ಉಳಿಸಿದ್ದನ್ನು ನಾವೇ ಚೂರು ಮಾಡಿದಂತಾಗುತ್ತದೆ.

ಕೊನೆಗೆ ನಮ್ಮ ಮನೆಯ ಮಾತು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟ ಕುಸಿದಾಗಲೂ ನಾವು ಡಬ್ಬಿ ಹಿಡಿದಿದ್ದೆವು. 2020ರ ಜೂನ್‌ನಲ್ಲಿ ಜಂಬೂರು, ಮದೆನಾಡುಗಳಲ್ಲಿ ಬೀಗದಕೈ ಹಂಚಿದ ಫೋಟೋ ನೋಡಿ ಚಪ್ಪಾಳೆ ತಟ್ಟಿದೆವು. ಆಮೇಲೆ ಅಲ್ಲಿನವರು ಕೆಲಸಕ್ಕೆ ಎಲ್ಲಿ ಹೋಗುತ್ತಾರೆ, ಮೇಲಿನ ತೋಟ ಏನಾಯಿತು ಎಂದು ನಮ್ಮಲ್ಲಿ ಒಬ್ಬರಾದರೂ ಹೋಗಿ ಕೇಳಿದ್ದೇವೆಯೇ? ಇಲ್ಲ. ಆ ತಪ್ಪು ಮತ್ತೆ ಬೇಡ.

ವಯನಾಡಿಗೆ 100 ಮನೆ ಕಟ್ಟಿಸಿಕೊಡುವುದಾಗಿ ಆಗ ನಮ್ಮ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು 2024ರ ಆಗಸ್ಟ್‌ನಲ್ಲೇ ಹೇಳಿದ್ದಾರೆ. ಕೇರಳದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೂ 100 ಮನೆಗಳ ಮಾತು ಕೊಟ್ಟಿದೆ. ಒಂದು ನಮ್ಮ ತೆರಿಗೆ, ಇನ್ನೊಂದು ನಮ್ಮ ಸಭೆಯ ಕಾಣಿಕೆ. ಹಾಗಾಗಿ ಕೇಳುವ ಹಕ್ಕು ನಮಗಿದೆ, ಕೇಳುವುದು ನಮ್ಮ ಕರ್ತವ್ಯವೂ ಹೌದು. ಪಾಸ್ಖ ಮುಗಿದ ಮೊದಲ ಭಾನುವಾರ ನಮ್ಮ ಶಾಸಕರಿಗೂ ಮುಖ್ಯಮಂತ್ರಿಗೂ ಪತ್ರ ಬರೆದು, ಬಲಿಪೂಜೆಯ ನಂತರ ಎಲ್ಲರ ಸಹಿ ಪಡೆಯುತ್ತೇವೆ. ಕೇಳುವುದು ಮೂರೇ: ಕರ್ನಾಟಕದ ಹಣ ಬೇರೆಲ್ಲೋ ಬೇರೆ ಮನೆಗಳಿಗೆ ಹೋಗದೆ ಅದೇ ಟೌನ್‌ಶಿಪ್‌ನೊಳಗೆ ಸೇರಲಿ, ಪಟ್ಟಿಯಿಂದ ಬಿಟ್ಟುಹೋದ ಪಾಡಿ ಕುಟುಂಬಗಳಿಗೆ ಮೊದಲು ತಲುಪಲಿ, ಗೋಡೆಯ ಮೇಲೆ ನಮ್ಮ ಹೆಸರಿನ ಫಲಕ ಬೇಡ.

ಹೆಬ್ಬೆರಳು ಎತ್ತಿದ ಏಳು ಮಂದಿಯೂ ದಯವಿಟ್ಟು ಬನ್ನಿ. ಪೆನ್ನು ನಾವೇ ತರುತ್ತೇವೆ.